ಸೊನ್ನೆಯೋ, ಕಸವೋ? ಬಾದಾಮಿ ಬಂಡೆಯಿಂದ ಮೊಬೈಲ್ ಕ್ಯಾಮೆರಾವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಿನಲ್ಲಿದ್ದೀರೋ, ಹಾಸ್ಟೆಲ್ ರೂಮಿನಲ್ಲಿದ್ದೀರೋ, ಇಯರ್‌ಫೋನ್ ಸರಿಯಾಗಿ ಸಿಕ್ಕಿಸ್ಕೊಳ್ಳಿ. ಇವತ್ತಿನ ಕಥೆ ಒಂದು ಸೊನ್ನೆಯ ಬಗ್ಗೆ. ಆ ಸೊನ್ನೆ ಹಿಂದೆ ಹೋದ್ರೆ ಸುಮಾರು ಸಾವಿರದ ನಾನೂರು ವರ್ಷ ಹಿಂದಕ್ಕೆ ಹೋಗ್ತೀವಿ.

ಕೆಲವು ತಿಂಗಳ ಹಿಂದೆ ನಮ್ಮ ದೊಡ್ಡಪ್ಪ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಹುನಗುಂದದ ಕಡೆ ಇರೋ ನಮ್ಮ ಹೊಲದ ಹಳೇ ಉತಾರದ ಪ್ರತಿ. ಕಾಗದ ಹಳದಿಯಾಗಿದೆ, ಮಡಿಕೆ ಬಿದ್ದ ಜಾಗದಲ್ಲಿ ಕಪ್ಪು ಗೆರೆ, ಮೂಲೆಯಲ್ಲಿ ಚಹಾ ಕಲೆ, ನಡುವೆ ಮೊಹರು. ಜೊತೆಗೆ ಒಂದು ವಾಯ್ಸ್ ಮೆಸೇಜ್: "ತಮ್ಮಾ, ಅಕ್ಷರ ಕಾಣವಲ್ದು. ನೀ ಇದನ್ನ ಟೈಪ್ ಮಾಡಿ ಕಳಸು."

ನಾನು ಸೋಮಾರಿ. ಟೈಪ್ ಯಾರು ಮಾಡ್ತಾರೆ? ಫೋಟೊದಿಂದ ಅಕ್ಷರ ಓದುವ ಆ್ಯಪ್ ಇದೆಯಲ್ಲ. ಮೊದಲು ಫೋಟೊ 'ಕ್ಲೀನ್' ಮಾಡಿದೆ. ಹಳದಿ ಹೋಯ್ತು, ಕಲೆ ಹೋಯ್ತು, ಹಾಳೆ ಹಾಲಿನಂಗೆ ಬೆಳ್ಳಗಾಯ್ತು. ನೋಡೋಕೆ ಎಷ್ಟು ಚಂದ! ಓದಿಸಿದೆ, ಬಂದದ್ದನ್ನ ಹಾಗೇ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಸಗಪ್ಪ ಯಾರೋ? ನಮ್ಮ ಮನ್ಯಾಗ ಸಗಪ್ಪ ಅನ್ನಾವ ಒಬ್ಬನೂ ಇಲ್ಲ."

ನಮ್ಮ ಮುತ್ತಜ್ಜನ ಹೆಸರು ಸಂಗಪ್ಪ. ಮೂಲ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಸೊನ್ನೆ ಇತ್ತು. ಮಸಿ ಮಾಸಿ ಮೂರು ಚೂರಾಗಿತ್ತು, ಆದರೆ ಇತ್ತು. ನಾನು 'ಕ್ಲೀನ್' ಮಾಡಿದಾಗ ಆ ಮೂರು ಚೂರನ್ನು ಮೂರು ಧೂಳಿನ ಕಣ ಅಂದ್ಕೊಂಡು ಆ್ಯಪ್ ಒರೆಸಿ ಹಾಕಿತ್ತು.

ಇದು ಬರೀ ನಮ್ಮ ಮನೆ ಸಮಸ್ಯೆ ಅಂದ್ಕೋಬೇಡಿ. ನಮ್ಮ ಜಿಲ್ಲೆಯ ಹೆಸರುಗಳನ್ನ ಒಂದ್ಸಲ ನೆನಪಿಸ್ಕೊಳ್ಳಿ: ಸಂಗಪ್ಪ, ನಿಂಗಪ್ಪ, ನಿಂಗವ್ವ, ಬಸಲಿಂಗಪ್ಪ, ಮಹಾಂತೇಶ. ಊರಿನ ಹೆಸರು ಹುನಗುಂದ, ಕ್ಷೇತ್ರದ ಹೆಸರು ಕೂಡಲಸಂಗಮ. ಎಲ್ಲದರಲ್ಲೂ ಒಂದು ಸೊನ್ನೆ! ಆಲಮಟ್ಟಿ ಹಿನ್ನೀರಿನಲ್ಲಿ ಊರು, ಹೊಲ ಕಳ್ಕೊಂಡು ಬಾಗಲಕೋಟೆ ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದ ಮನೆಗಳಲ್ಲಿ ಇಂಥ ಹಳೇ ಕಾಗದದ ಗಂಟು ಇನ್ನೂ ಟ್ರಂಕಿನಲ್ಲಿದೆ. ಮುಳುಗಡೆಯಾದ ಹೊಲಕ್ಕೆ ಉಳಿದಿರೋ ಗುರುತು ಆ ಕಾಗದವೊಂದೇ. ಅದರಲ್ಲಿ ಹೆಸರು ಒಂದು ಕಡೆ ಸಂಗಪ್ಪ, ಇನ್ನೊಂದು ಕಡೆ ಸಗಪ್ಪ ಅಂತ ಇದ್ರೆ, ಇಬ್ಬರೂ ಒಬ್ಬನೇ ಅಂತ ಸಾಬೀತು ಮಾಡೋಕೆ ಅಫಿಡವಿಟ್ ಹಿಡ್ಕೊಂಡು ಓಡಾಡೋದು ಯಾರು?

ಹಾಗಾಗಿ ಇವತ್ತಿನ ಪ್ರಶ್ನೆ ಸರಳ. ಅಕ್ಷರ ಓದೋ ಮುಂಚೆ ಚಿತ್ರವನ್ನ ತೊಳೀಬೇಕು, ಒಪ್ಪೋಣ. ಆದರೆ ಯಾವುದು ಕಸ, ಯಾವುದು ಅಕ್ಷರ ಅಂತ ತೀರ್ಮಾನ ಮಾಡೋರು ಯಾರು? ಈ ಪ್ರಶ್ನೆ ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ. ಬಾದಾಮಿ, ಐಹೊಳೆಯ ಕಲ್ಲುಗಳ ಮುಂದೆ ನಿಂತವರಿಗೆಲ್ಲ ಇದೇ ಪ್ರಶ್ನೆ ಎದುರಾಗಿತ್ತು.

ಬಂಡೆಯ ಮೇಲಿನ ಕಸ

ಬಾದಾಮಿಗೆ ಹೋದವರು ಅಗಸ್ತ್ಯ ತೀರ್ಥದ ದಂಡೆ ಮೇಲೆ ಸೆಲ್ಫಿ ತಗೊಂಡಿರ್ತೀರಿ. ಅದೇ ಕೆರೆಯ ಆಚೆ, ತಟ್ಟುಕೋಟೆಯ ಕಡೆಗೆ, ಬಂಡೆ ಮೇಲೆ ಹತ್ತು ಸಾಲಿನ ಬರಹವಿದೆ. ಕಪ್ಪೆ ಅರಭಟ್ಟನ ಶಾಸನ. ಕಾಲ ಸುಮಾರು ಕ್ರಿ.ಶ. 700. ಕನ್ನಡದ ತ್ರಿಪದಿ ಛಂದಸ್ಸು ಮೊಟ್ಟಮೊದಲು ನಮಗೆ ಸಿಗೋದು ಇಲ್ಲೇ. ಇತ್ತ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ: ಶಕ 500, ಅಂದ್ರೆ ಕ್ರಿ.ಶ. 578. ಅದರ ಜೊತೆಗೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಗೆ ಬಂದ್ರೆ ಗುಡ್ಡದ ಮೇಲೆ ಮೇಗುತಿ ಗುಡಿ. ಅದರ ಗೋಡೆಯಲ್ಲಿ ರವಿಕೀರ್ತಿ ಬರೆದ 37 ಪದ್ಯಗಳ ಸಂಸ್ಕೃತ ಶಾಸನ: ಶಕ 556, ಕ್ರಿ.ಶ. 634–35. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಇದೆ. ಆ ಕವಿಗಳ ಕಾಲವನ್ನ ಲೆಕ್ಕ ಹಾಕೋಕೆ ವಿದ್ವಾಂಸರಿಗೆ ಸಿಕ್ಕ ಗಟ್ಟಿ ಗುರುತು ಅದು.

ಈ ಕಲ್ಲುಗಳ ಫೋಟೊ ತೆಗೆದು ನೋಡಿ. ನಮ್ಮ ಭಾಗದ್ದು ಮರಳುಗಲ್ಲು. ಒಂದೇ ಬಂಡೆಯಲ್ಲಿ ಕೆಂಪು, ಕಂದು, ಹಳದಿ ಪಟ್ಟೆಗಳಿರ್ತವೆ. ಮಳೆನೀರು ಇಳಿದ ಕಪ್ಪು ಗೆರೆ, ಪಾಚಿ, ಉದುರಿದ ಚಕ್ಕೆ, ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಮೊಳೆಯಿಂದ ಗೀಚಿದ ತಮ್ಮ ಪ್ರೀತಿಯ ಹೆಸರು. ಕ್ಯಾಮೆರಾ ಕಣ್ಣಿಗೆ ಇವೆಲ್ಲ ಒಂದೇ. ಅದಕ್ಕೆ ಕಾಣೋದು ಕಡಿಮೆ ಬೆಳಕು, ಹೆಚ್ಚು ಬೆಳಕು, ಅಷ್ಟೇ. ಚಾಲುಕ್ಯರ ಕಾಲದ ಉಳಿ ಮಾಡಿದ ಗುರುತಿಗೂ ಮಳೆ ಮಾಡಿದ ಗುಳಿಗೂ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ.

ಇನ್ನೊಂದು ತೊಡಕಿದೆ. ಆ ಕಾಲದ ಲಿಪಿಯಲ್ಲಿ ಅನುಸ್ವಾರ ಅಂದ್ರೆ ಇವತ್ತಿನ ಹಾಗೆ ಪಕ್ಕದಲ್ಲಿ ಕೂರುವ ದುಂಡು ಸೊನ್ನೆ ಅಲ್ಲ. ಅಕ್ಷರದ ಮೇಲ್ಭಾಗದಲ್ಲಿ ಒಂದು ಚಿಕ್ಕ ಚುಕ್ಕೆ. ಕಲ್ಲಿನ ಸಹಜ ಗುಳಿಯೂ ಅಷ್ಟೇ ಗಾತ್ರ. ಹಳಗನ್ನಡದಲ್ಲಿ ಆ ಚುಕ್ಕೆ ಇದ್ರೆ ಒಂದರ್ಥ, ಇಲ್ಲದಿದ್ರೆ ಇನ್ನೊಂದರ್ಥ. 'ಕೆರೆಯಂ' ಅಂದ್ರೆ ಕೆರೆಯನ್ನು. ಚುಕ್ಕೆ ಬಿಟ್ಟು ಓದಿದ್ರೆ 'ಕೆರೆಯ', ಅಂದ್ರೆ ಕೆರೆಗೆ ಸೇರಿದ ಇನ್ನೇನೋ. ದಾನ ಕೊಟ್ಟದ್ದು ಕೆರೆಯನ್ನೋ, ಕೆರೆಯ ಯಾವುದನ್ನೋ? ಒಂದು ಗುಳಿಯಲ್ಲಿ ಒಂದು ಊರಿನ ಲೆಕ್ಕ ನಿಂತಿರುತ್ತೆ.

ಕಣ್ಣಿನ ನಕಲು

ಈ ಕಲ್ಲುಗಳನ್ನ ಹೊಸಗಾಲದವರು ಓದೋಕೆ ಶುರುಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸ್ಥಳೀಯ ಬರಹಗಾರರನ್ನ ಇಟ್ಕೊಂಡು ಶಾಸನಗಳ ನಕಲು ಮಾಡಿಸಿದ. 1837ರಲ್ಲಿ ಅದರ ಬಗ್ಗೆ ಲೇಖನವನ್ನೂ ಪ್ರಕಟಿಸಿದ. 595 ಶಾಸನಗಳ ಸಂಗ್ರಹ ಅದು. ದೊಡ್ಡ ಕೆಲಸ, ಸಂಶಯ ಬೇಡ. ಆದರೆ ವಿಧಾನ ಹೇಗಿತ್ತು ಅಂದ್ರೆ, ಒಬ್ಬರು ಕಲ್ಲಿನ ಮುಂದೆ ಕೂತು ಕಂಡದ್ದನ್ನ ಕಾಗದಕ್ಕೆ ಬರ್ಕೊಳ್ಳೋದು. ಕಣ್ಣಿನ ನಕಲು.

ಇದರಲ್ಲಿ ತೊಳೆಯೋ ಕೆಲಸವೂ ಓದೋ ಕೆಲಸವೂ ಒಂದೇ ತಲೆಯೊಳಗೆ ನಡೀತದೆ. ಬರ್ಕೊಳ್ಳೋರಿಗೆ ಗುಳಿ ಅನ್ನಿಸಿದ್ದು ಕಾಗದಕ್ಕೆ ಬರೋದೇ ಇಲ್ಲ. ಅಕ್ಷರ ಅನ್ನಿಸಿದ್ದು ಬರುತ್ತೆ. ಮಸುಕಾದ ಕಡೆ ಊಹೆ ಸೇರ್ಕೊಳ್ಳುತ್ತೆ. ಧಾರವಾಡದಲ್ಲೋ ಲಂಡನ್ನಿನಲ್ಲೋ ಕೂತು ಆ ನಕಲು ಓದುವವರಿಗೆ ಯಾವುದು ಕಲ್ಲಿನ ಮಾತು, ಯಾವುದು ಬರೆದವರ ಊಹೆ ಅಂತ ಗೊತ್ತಾಗೋ ದಾರಿಯೇ ಇಲ್ಲ. ನಾನು ದೊಡ್ಡಪ್ಪಗೆ ಕಳಿಸಿದ ಮೆಸೇಜೂ ಇದೇ ಜಾತಿಯದ್ದು.

ಅಕ್ಷರ ಎದ್ದು ಕಾಣಲಿ ಅಂತ ಕಲ್ಲಿನ ಗೆರೆಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬಿ ನೋಡುವ ಅಭ್ಯಾಸವೂ ಇತ್ತು. ನೋಡೋಕೆ ಅಚ್ಚುಕಟ್ಟು. ಆದರೆ ಬಿಳಿ ತುಂಬಿದ ಕೈ ಯಾವ ಗೆರೆಯನ್ನು ಅಕ್ಷರ ಅಂತ ನಂಬಿತೋ ಅದಷ್ಟೇ ಬೆಳಗುತ್ತೆ. ಉಳಿದದ್ದು ಇನ್ನೂ ಕತ್ತಲಿಗೆ ಹೋಗುತ್ತೆ. ತಪ್ಪಾಗಿ ಒಂದು ಗೆರೆ ಎಳೆದ್ರೆ ಆ ತಪ್ಪೇ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತೆ.

ಒದ್ದೆ ಕಾಗದ, ಬ್ರಶ್ಶು, ಮಸಿ

ಇದಕ್ಕೆ ಉತ್ತರವಾಗಿ ಬಂದದ್ದು ಪಡಿಯಚ್ಚು. ಶಾಸನದವರು ಇವತ್ತಿಗೂ ಬಳಸುವ ವಿಧಾನ. ಹೇಗೆ ಮಾಡ್ತಾರೆ ಅಂತ ಕೇಳಿ.

ಮೊದಲು ಕಲ್ಲನ್ನ ನೀರು ಹಾಕಿ ಬ್ರಶ್ಶಿನಿಂದ ಮೆಲ್ಲಗೆ ತೊಳೀತಾರೆ. ಮಣ್ಣು, ಪಾಚಿ ಹೋಗ್ಬೇಕು, ಕಲ್ಲಿನ ಮೈ ಸವೀಬಾರದು. ಆಮೇಲೆ ನೀರಿನಲ್ಲಿ ನೆನೆಸಿದ ಕಾಗದವನ್ನ ಕಲ್ಲಿನ ಮೇಲೆ ಹೊದಿಸ್ತಾರೆ. ಗಟ್ಟಿ ಬ್ರಶ್ಶಿನಿಂದ ಬಡೀತಾ ಹೋದ್ರೆ ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಕೂರುತ್ತೆ. ಅರ್ಧ ಒಣಗಿದಾಗ ಬಟ್ಟೆ ಸುತ್ತಿದ ಮಸಿಗುಂಡಿಯಿಂದ ಮೇಲೆ ತಟ್ಟುತಾರೆ. ಉಬ್ಬಿದ ಜಾಗಕ್ಕೆ ಮಸಿ ಹತ್ತುತ್ತೆ, ತಗ್ಗಿಗೆ ಇಳಿದ ಜಾಗಕ್ಕೆ ಹತ್ತಲ್ಲ. ಕಾಗದ ಬಿಡಿಸಿದ್ರೆ ಕಪ್ಪು ನೆಲದ ಮೇಲೆ ಬಿಳೀ ಅಕ್ಷರ.

ಇಲ್ಲಿ ಏನಾಯ್ತು ಗಮನಿಸಿ. ಕಲ್ಲಿನ ಬಣ್ಣದ ಪಟ್ಟೆ ಹೋಯ್ತು, ಮಳೆನೀರಿನ ಕಲೆ ಹೋಯ್ತು, ನೆರಳು ಹೋಯ್ತು. ಉಳಿದದ್ದು ಎರಡೇ: ತಗ್ಗು, ಉಬ್ಬು. ಬಿಳಿ, ಕಪ್ಪು. ಕಂಪ್ಯೂಟರಿನವರು ಇವತ್ತು ಬೈನರೈಸೇಶನ್ ಅಂತಾರಲ್ಲ, ಪ್ರತಿ ಚುಕ್ಕೆಯನ್ನೂ ಕಪ್ಪು ಇಲ್ಲವೇ ಬಿಳಿ ಅಂತ ತೀರ್ಮಾನ ಮಾಡೋದು, ಅದನ್ನ ಒದ್ದೆ ಕಾಗದ ಮಾಡಿ ಮುಗಿಸಿತ್ತು. ಎಲ್ಲಕ್ಕಿಂತ ಮುಖ್ಯ, ಕಲ್ಲಿನ ಗುಳಿಯೂ ಪಡಿಯಚ್ಚಿನಲ್ಲಿ ಬಿಳಿ ಚುಕ್ಕೆಯಾಗೇ ಬರುತ್ತೆ. ಅದು ಅನುಸ್ವಾರವೋ ಗುಳಿಯೋ ಅಂತ ಕಾಗದ ತೀರ್ಪು ಕೊಡಲ್ಲ. ಆ ತೀರ್ಪು ಓದುವವರಿಗೆ ಬಿಟ್ಟದ್ದು. ಬೇರೆ ಯಾರಾದ್ರೂ ಅದೇ ಕಾಗದ ನೋಡಿ ಬೇರೆ ತೀರ್ಪು ಕೊಡಬಹುದು.

ತಾಳೆಗರಿಯಲ್ಲೂ ಇದೇ ಬುದ್ಧಿ. ಕಂಠದಿಂದ ಗೀರಿದ ಅಕ್ಷರ ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಮೇಲೆ ಕಾಡಿಗೆ ಸವರಿ ಒರೆಸಿದ್ರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ನಿಲ್ಲುತ್ತೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ಸುತ್ತಿ ಕೂಡಿಸಿದ ಹಸ್ತಪ್ರತಿಗಳಿಂದಲೇ 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚಾಗಿ ಬಂತು. ಹಳೇ ಬರಹ ಹೊಸ ಕಣ್ಣಿಗೆ ಕಾಣೋ ಹಾಗೆ ಮಾಡೋದು ನಮ್ಮ ಕಡೆ ಹೊಸ ಕಸುಬೇನಲ್ಲ.

ಮೂರು ಸಲ ಓದಿಸಿಕೊಂಡ ಕಲ್ಲು

ಈಗ 1874ಕ್ಕೆ ಬನ್ನಿ. ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ, ಅದು ಹುಟ್ಟಿದ್ದು 1997ರಲ್ಲಿ. ಆಗ ಇದ್ದದ್ದು ಕಲಾದಗಿ ಜಿಲ್ಲೆ, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು. ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯ ಮೊದಲ ಋತುವಿನ ಕೆಲಸಕ್ಕೆ ಆರಿಸ್ಕೊಂಡದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನೇ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಲ್ಲ ಆ ವರದಿಯಲ್ಲಿವೆ.

ಅದೇ ಕಾಲದಲ್ಲಿ ಈ ಭಾಗದ ಶಾಸನಗಳ ಬೆನ್ನು ಹತ್ತಿದವರು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬೈ ಸರ್ಕಾರದ ಅಧಿಕಾರಿ, ಕನ್ನಡ-ಸಂಸ್ಕೃತ ಎರಡನ್ನೂ ಕಲಿತವರು. ಐಹೊಳೆಯ ಮೇಗುತಿ ಶಾಸನವನ್ನ 1876ರಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಗೆ ಮುಗೀತಾ? ಇಲ್ಲ. 1879ರಲ್ಲಿ ಅದೇ ಪತ್ರಿಕೆಯಲ್ಲಿ ಅದೇ ಶಾಸನವನ್ನ ತಿದ್ದಿ ಮತ್ತೆ ಪ್ರಕಟಿಸಿದರು. ಆಮೇಲೆ 1900–01ರ 'ಎಪಿಗ್ರಾಫಿಯಾ ಇಂಡಿಕಾ'ದ ಆರನೇ ಸಂಪುಟದಲ್ಲಿ ಜರ್ಮನಿಯ ಸಂಸ್ಕೃತ ವಿದ್ವಾಂಸ ಕೀಲ್‌ಹಾರ್ನ್ ಅದನ್ನ ಮತ್ತೊಮ್ಮೆ ಓದಿದರು. ಒಂದೇ ಕಲ್ಲು, ಸುಮಾರು 25 ವರ್ಷದೊಳಗೆ ಮೂರು ಓದು.

ಇದು ಸೋಲಲ್ಲ, ಕೇಳುಗರೇ. ಮತ್ತೆ ಓದೋಕೆ ಸಾಧ್ಯ ಆದದ್ದು ಯಾಕೆ ಅಂದ್ರೆ ಕಲ್ಲು ಅಲ್ಲೇ ಇತ್ತು. ಬೇಕಾದಾಗ ಹೊಸ ಪಡಿಯಚ್ಚು ತೆಗೀಬಹುದಿತ್ತು. ಮೊದಲ ಓದಿನವರು 'ಕ್ಲೀನ್' ಮಾಡ್ತೀನಿ ಅಂತ ಕಲ್ಲನ್ನೇ ಉಜ್ಜಿ ಹಾಕಿದ್ರೆ, ಅಥವಾ ತಮ್ಮ ನಕಲು ಮಾತ್ರ ಇಟ್ಟು ಉಳಿದದ್ದು ಎಸೆದಿದ್ರೆ, ಎರಡನೇ ಓದು ಇರ್ತಾನೇ ಇರಲಿಲ್ಲ.

ಶಾಸನದವರ ಇನ್ನೊಂದು ಒಳ್ಳೇ ಅಭ್ಯಾಸ ಹೇಳ್ತೀನಿ. ಸವೆದ ಅಕ್ಷರವನ್ನ ಊಹಿಸಿ ಓದಿದ್ರೆ ಅದನ್ನ ಆವರಣದೊಳಗೆ ಹಾಕ್ತಾರೆ. ಪೂರ್ತಿ ಹೋಗಿದ್ರೆ ಚುಕ್ಕೆ ಇಟ್ಟು ಜಾಗ ಬಿಡ್ತಾರೆ. ಬಾದಾಮಿಯಲ್ಲೇ ಪಲ್ಲವ ನರಸಿಂಹವರ್ಮನ ಒಂದು ಶಾಸನವಿದೆ, ವಾತಾಪಿಯನ್ನ ಗೆದ್ದವನದ್ದು. ಬಹಳ ಹಾಳಾಗಿದೆ, ತುಂಡು ತುಂಡಾಗಿ ಓದೋಕೆ ಸಿಗುತ್ತೆ. ಸೋತ ಊರಿನಲ್ಲಿ ಗೆದ್ದವನ ಬರಹ, ಇತಿಹಾಸಕ್ಕೆ ಎಷ್ಟು ಬೆಲೆಬಾಳುವ ಸಾಕ್ಷಿ! ಆದ್ರೂ ಹೋದ ಅಕ್ಷರಗಳ ಜಾಗದಲ್ಲಿ ಚಂದದ ಕಥೆ ತುಂಬೋಕೆ ಹೋಗಬಾರದು. 'ಇಲ್ಲಿ ಓದೋಕಾಗಲ್ಲ' ಅಂತ ಬರೆಯೋದೂ ಓದಿನ ಒಂದು ಭಾಗವೇ.

ಸಾಣಿಗೆಯ ಲೆಕ್ಕ

ಈಗ ಮೊಬೈಲಿಗೆ ಬರೋಣ. ನಾನು 'ಕ್ಲೀನ್' ಬಟನ್ ಒತ್ತಿದಾಗ ಒಳಗೆ ಏನಾಗಿರುತ್ತೆ?

ಮೊದಲ ಹೆಜ್ಜೆ ಬಣ್ಣ ತೆಗೆಯೋದು. ಪ್ರತಿ ಚುಕ್ಕೆಗೆ ಒಂದು ಅಂಕಿ: 0 ಅಂದ್ರೆ ಪೂರ್ತಿ ಕಪ್ಪು, 255 ಅಂದ್ರೆ ಪೂರ್ತಿ ಬಿಳಿ. ಎರಡನೇ ಹೆಜ್ಜೆ ಗೆರೆ ಎಳೆಯೋದು. ಇಂಥ ಅಂಕಿಗಿಂತ ಕೆಳಗಿದ್ರೆ ಮಸಿ, ಮೇಲಿದ್ರೆ ಕಾಗದ. ಆ ಅಂಕಿ ಯಾವುದು? 1979ರಲ್ಲಿ ಜಪಾನಿನ ನೊಬುಯುಕಿ ಓಟ್ಸು ಅದಕ್ಕೊಂದು ಲೆಕ್ಕ ಕೊಟ್ಟರು. ಚುಕ್ಕೆಗಳನ್ನೆಲ್ಲ ಎರಡು ಗುಂಪು ಮಾಡಿ, ಎರಡೂ ಗುಂಪು ಒಂದಕ್ಕೊಂದು ಆದಷ್ಟು ದೂರ ಇರೋ ಹಾಗೆ ಗೆರೆ ಎಳಿ ಅಂತ. ಸರಳ, ವೇಗ, ಇವತ್ತಿಗೂ ಬಳಕೆಯಲ್ಲಿದೆ. ಆದರೆ ಇಡೀ ಹಾಳೆಗೆ ಒಂದೇ ಗೆರೆ. ಫೋಟೊ ತೆಗೆಯುವಾಗ ನಿಮ್ಮದೇ ಕೈ ನೆರಳು ಅರ್ಧ ಹಾಳೆ ಮೇಲೆ ಬಿತ್ತು ಅನ್ನಿ. ನೆರಳಿನ ಕಾಗದ, ಬಿಸಿಲಿನ ಕಡೆಯ ಮಾಸಿದ ಮಸಿಗಿಂತ ಕಪ್ಪಾಗಿರುತ್ತೆ. ಒಂದೇ ಗೆರೆ ಎಳೆದ್ರೆ ಒಂದು ಕಡೆ ಹಾಳೆ ಮಸಿಮಯ, ಇನ್ನೊಂದು ಕಡೆ ಅಕ್ಷರ ಮಾಯ.

ಅದಕ್ಕೆ 2000ದಲ್ಲಿ ಫಿನ್‌ಲ್ಯಾಂಡಿನ ಸೌವೋಲಾ ಮತ್ತು ಪಿಯೆಟಿಕೈನೆನ್ ಬೇರೆ ದಾರಿ ತೋರಿಸಿದರು. ಇಡೀ ಹಾಳೆಗೆ ಒಂದು ಗೆರೆ ಬೇಡ. ಪ್ರತಿ ಚುಕ್ಕೆಯ ಸುತ್ತ ಒಂದು ಚಿಕ್ಕ ಕಿಟಕಿ ಇಟ್ಟು, ಅಲ್ಲಿನ ಸರಾಸರಿ ಬೆಳಕು ಎಷ್ಟು, ಏರಿಳಿತ ಎಷ್ಟು ನೋಡಿ, ಆ ಜಾಗಕ್ಕೆ ತಕ್ಕ ಗೆರೆ ಎಳಿ. ಬಾದಾಮಿ ಬಂಡೆ ಮುಂದೆ ನಿಂತವರು ಬೆಳಗಿನ ಓರೆ ಬಿಸಿಲಿಗೆ ಒಂದು ಸಾಲು, ಸಂಜೆಯ ಬಿಸಿಲಿಗೆ ಇನ್ನೊಂದು ಸಾಲು ಓದ್ತಾರಲ್ಲ, ಹಾಗೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಎಲ್ಲ ಸಮತಟ್ಟು, ಏನೂ ಕಾಣಲ್ಲ.

ಮೂರನೇ ಹೆಜ್ಜೆಯೇ ನಮ್ಮ ಸಂಗಪ್ಪನಿಗೆ ಕುತ್ತು ತಂದದ್ದು. ಹಾಳೆ ತುಂಬ ಚದುರಿದ ಚಿಕ್ಕ ಚುಕ್ಕೆಗಳನ್ನ ತೆಗೆಯೋದು. ಕಪ್ಪು ಬಿಳಿ ಚುಕ್ಕೆ ಚದುರಿರೋದ್ರಿಂದ ಇದಕ್ಕೆ 'ಉಪ್ಪು-ಮೆಣಸು' ಕಸ ಅಂತಲೇ ಹೆಸರು. ಒಂದು ವಿಧಾನ, ಇಷ್ಟು ಗಾತ್ರಕ್ಕಿಂತ ಚಿಕ್ಕದಾದ ಕಪ್ಪು ತುಂಡನ್ನೆಲ್ಲ ಒರೆಸು. ಇನ್ನೊಂದು, ಮೀಡಿಯನ್ ಫಿಲ್ಟರ್: ಮೂರಕ್ಕೆ ಮೂರು, ಒಂಬತ್ತು ಚುಕ್ಕೆಗಳ ಚೌಕ ತಗೋ, ಅಂಕಿಗಳನ್ನ ಸಾಲಾಗಿ ನಿಲ್ಲಿಸು, ಐದನೆಯದನ್ನ ನಡುವೆ ಇಡು. ಒಂಟಿ ಚುಕ್ಕೆ ಇದ್ರೆ ಎಂಟು ಬಿಳಿ, ಒಂದು ಕಪ್ಪು. ಐದನೆಯದು ಬಿಳಿ. ಚುಕ್ಕೆ ಮಾಯ.

ಚೆನ್ನಾಗಿದೆ. ಆದರೆ ಒಂದೇ ಚುಕ್ಕೆ ದಪ್ಪದ ತೆಳು ಗೆರೆ ಇದ್ರೆ? ಚೌಕದೊಳಗೆ ಮೂರು ಕಪ್ಪು, ಆರು ಬಿಳಿ. ಐದನೆಯದು ಆಗಲೂ ಬಿಳಿ. ಗೆರೆಯೂ ಮಾಯ! ದೂರದಿಂದ ತೆಗೆದ ಫೋಟೊದಲ್ಲಿ ಅಕ್ಷರದ ಗೆರೆ ಅಷ್ಟೇ ತೆಳ್ಳಗಿರುತ್ತೆ. ಸ್ಕ್ಯಾನ್ ಮಾಡುವಾಗ ಇಂಚಿಗೆ 300 ಚುಕ್ಕೆಯಾದ್ರೂ ಇರಲಿ ಅಂತ ಹೇಳೋದು ಇದಕ್ಕೇ. ಅಕ್ಷರ ಕಸಕ್ಕಿಂತ ದೊಡ್ಡದಾಗಿರಬೇಕು.

ಮನೆಯಲ್ಲಿ ಜೋಳ ಹಸನು ಮಾಡೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಸಾಣಿಗೆಯ ಕಣ್ಣು ದೊಡ್ಡದಾದ್ರೆ ಮಣ್ಣಿನ ಜೊತೆ ಸಣ್ಣ ಕಾಳೂ ಕೆಳಗೆ. ಅದಕ್ಕೇ ಅಜ್ಜಿ ಕೆಳಗೆ ಬಿದ್ದದ್ದನ್ನ ಕೂಡಲೇ ಚೆಲ್ಲಲ್ಲ. ಮೊರಕ್ಕೆ ಹಾಕ್ಕೊಂಡು ಇನ್ನೊಂದ್ಸಲ ಕೈಯಾಡಿಸ್ತಾಳೆ.

ನಮ್ಮ ಅಕ್ಷರದ ಚಿಕ್ಕ ಗುರುತುಗಳು

ಇಂಗ್ಲಿಷಿಗೆ ಈ ಕಾಟ ಕಡಿಮೆ. ಚಿಕ್ಕ ಚುಕ್ಕೆ ಅಂತ ಇರೋದು ಐ ಮೇಲೆ, ಜೆ ಮೇಲೆ, ಮತ್ತೆ ಪೂರ್ಣವಿರಾಮ. ಐ ಮೇಲಿನ ಚುಕ್ಕೆ ಹೋದ್ರೂ ಅದು ಐ ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಹಾಗಲ್ಲ. 'ಠ' ಒಳಗಿನ ಚುಕ್ಕೆ ಹೋದ್ರೆ ಅದು 'ರ'. ಪಾಠ ಹೋಗಿ ಪಾರ ಆಗುತ್ತೆ. 'ಧ' ಕೆಳಗಿನ ಸೀಳು ಹೋದ್ರೆ 'ದ'. ಧನ ಇದ್ದ ಜಾಗಕ್ಕೆ ದನ ಬರುತ್ತೆ. ಸೊನ್ನೆ ಹೋದ್ರೆ ನಂದಿ ನದಿಯಾಗಿ ಹರಿಯುತ್ತೆ. ಸೊನ್ನೆ ಉಳಿದ್ರೂ ಕಷ್ಟ ಇದೆ: ಅಕ್ಷರದ ಪಕ್ಕದ ಸೊನ್ನೆ, ಅಂಕಿಯ ಸೊನ್ನೆ ಎರಡೂ ನೋಡೋಕೆ ಒಂದೇ ಥರ. ಹೊಲದ ಎಕರೆ ಗುಂಟೆ ಬರೆದ ಕಡೆ ಅದು ಬಹಳ ತುಟ್ಟಿಯ ಗೊಂದಲ. ಇನ್ನು ಒತ್ತಕ್ಷರಗಳು ಸಾಲಿನ ಕೆಳಗೆ ಜೋತು ಬಿದ್ದು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತವೆ. ಸಾಲು ಬೇರ್ಪಡಿಸುವಾಗ ಯಾರ ಒತ್ತು ಯಾರಿಗೆ ಹೋಯ್ತೋ ಗೊತ್ತಾಗಲ್ಲ.

ಅಂದ್ರೆ ಬೇರೆ ಲಿಪಿಗೆ ಅಂತ ಹೊಲಿದ ಸಾಣಿಗೆ ನಮ್ಮ ಜೋಳಕ್ಕೆ ಆಗಲ್ಲ. ಅಕ್ಷರ ಓದುವ ಟೆಸರಾಕ್ಟ್ ಅನ್ನೋ ತಂತ್ರಾಂಶವನ್ನೇ ತಗೊಳ್ಳಿ. ಎಚ್‌ಪಿ ಕಂಪನಿಯಲ್ಲಿ 1985ರಿಂದ 1994ರವರೆಗೆ ಬೆಳೆದದ್ದು, 2005ರಲ್ಲಿ ಎಲ್ಲರಿಗೂ ಮುಕ್ತವಾಯ್ತು, ಆಮೇಲೆ ಗೂಗಲ್ ನೋಡ್ಕೊಳ್ತು. ಕನ್ನಡವೂ ಅದರಲ್ಲಿ ಸೇರಿದೆ. ಅದರೊಳಗಿನ ಕಪ್ಪು-ಬಿಳುಪು ಲೆಕ್ಕಕ್ಕೆ ಮೊದಲಿಂದ ಬಂದದ್ದು ಓಟ್ಸು ವಿಧಾನವೇ. ಸೌವೋಲಾ ವಿಧಾನದ ಆಯ್ಕೆ ಸೇರಿದ್ದು ಐದನೇ ಆವೃತ್ತಿಯಲ್ಲಿ. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಲಿಪಿಗೇ ಅಂತ 'ಲಿಪಿ ಜ್ಞಾನಿ' ಕಟ್ಟಿತು. ಕನ್ನಡ ಲಿಪಿಯಲ್ಲಿ ಅಚ್ಚಾದ ಬೇರೆ ಭಾಷೆಯ ಪುಸ್ತಕಗಳನ್ನೂ ಅದು ಓದುತ್ತೆ. ಲಿಪಿ ಗೊತ್ತಿರೋರು ಕಟ್ಟಿದ್ರೆ ಯಾವ ಚುಕ್ಕೆ ಮುಟ್ಟಬಾರದು ಅನ್ನೋ ಎಚ್ಚರ ಮೊದಲಿಂದಲೇ ಇರುತ್ತೆ.

ಕಲ್ಲಿಗೂ ಹೊಸ ದಾರಿ ಬಂದಿದೆ. 1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಿನ ಶಾಸನಗಳನ್ನ ಮೂರು ಆಯಾಮದ ಸ್ಕ್ಯಾನ್ ಮಾಡ್ತಿದೆ. ಇದರಲ್ಲಿ ಲೆಕ್ಕಕ್ಕೆ ಬರೋದು ಬಣ್ಣ ಅಲ್ಲ, ಆಳ. ಕಲೆಗೆ ಆಳ ಇಲ್ಲ, ಅಕ್ಷರಕ್ಕಿದೆ. ಪರದೆ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ನೋಡಬಹುದು. ಒದ್ದೆ ಕಾಗದ ಮಾಡ್ತಿದ್ದ ಕೆಲಸವನ್ನ ಕಲ್ಲು ಮುಟ್ಟದೇ ಮಾಡಿದ ಹಾಗೆ. ಮೂಲಕ್ಕೆ ಪೆಟ್ಟಿಲ್ಲ.

ಕೊಂಡಿ ಯಾವುದು, ಕಸ ಯಾವುದು

ಕೊನೆಗೆ ಇಳಕಲ್ಲಿಗೆ ಹೋಗಿ ಮುಗಿಸ್ತೀನಿ. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸ್ತಾರೆ. ಆ ಕೂಡುಜಾಗ ಗೊತ್ತಿಲ್ಲದವರಿಗೆ ಎಳೆಗಳ ಗೋಜಲಿನಂಗೆ ಕಾಣಬಹುದು. ಕತ್ತರಿ ತಗೊಂಡು 'ಕ್ಲೀನ್' ಮಾಡೋಣ ಅನ್ನಿಸಬಹುದು. ಕತ್ತರಿಸಿದ್ರೆ ಸೆರಗೇ ಕೈಗೆ ಬರುತ್ತೆ. ನೇಕಾರರಿಗೆ ಕೊಂಡಿ ಯಾವುದು, ಕಸ ಯಾವುದು ಗೊತ್ತು. ಯಾಕಂದ್ರೆ ಅವರು ಎಳೆಯನ್ನ ಗಾತ್ರದಿಂದ ಅಳೆಯಲ್ಲ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡ್ತಾರೆ.

ನಿಮ್ಮ ಮನೆ ಟ್ರಂಕಿನಲ್ಲೂ ಹಳೇ ಕಾಗದ ಇದ್ರೆ, ಇಷ್ಟು ಮಾಡಿ. ಮೂಲ ಫೋಟೊವನ್ನ ಯಾವತ್ತೂ ಅಳಿಸಬೇಡಿ. ಏನೇ ತೊಳೆದ್ರೂ ಅದರ ಪ್ರತಿಯ ಮೇಲೆ ತೊಳೀರಿ. ಫೋಟೊವನ್ನ ಕಿಟಕಿ ಪಕ್ಕದ ಬೆಳಕಿನಲ್ಲಿ, ನೆರಳು ಬೀಳದಂಗೆ, ಹತ್ತಿರದಿಂದ ತೆಗೀರಿ. ಒಳ್ಳೇ ಫೋಟೊಗೆ ಕಡಿಮೆ ತೊಳೆತ ಸಾಕು. ತೊಳೆದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಹೆಸರು, ಅಂಕಿ, ಸೊನ್ನೆ ಇಷ್ಟನ್ನಾದ್ರೂ ಕಣ್ಣಿನಿಂದ ನೋಡಿ. ಮಸುಕಾದ ಅಕ್ಷರವನ್ನ ಎಐನಿಂದ 'ಚಂದ' ಮಾಡಿಸೋಕೆ ಹೋಗಬೇಡಿ. ಅದು ಇಲ್ಲದ ಅಕ್ಷರವನ್ನ ಇದೆ ಅನ್ನೋ ಹಾಗೆ ಬರೆದುಕೊಡಬಹುದು. ಓದುವ ತಂತ್ರಾಂಶಕ್ಕೆ ಒಳಗೊಳಗೇ ತನ್ನ ಸಂಶಯ ಗೊತ್ತಿರುತ್ತೆ. ಟೆಸರಾಕ್ಟ್ ಪ್ರತಿ ಪದಕ್ಕೂ ನೂರಕ್ಕೆ ಇಷ್ಟು ನಂಬಿಕೆ ಅಂತ ಒಂದು ಅಂಕಿ ಇಟ್ಟಿರುತ್ತೆ. ಆದರೆ ನಮ್ಮ ಮೊಬೈಲ್ ಪರದೆ ಮೇಲೆ ಸಾಮಾನ್ಯವಾಗಿ ಅದು ಬರೋದೇ ಇಲ್ಲ. ಶಾಸನದವರ ಆವರಣ ಚಿಹ್ನೆ ಇಲ್ಲಿ ಕಾಣೆಯಾಗಿದೆ. ಅದನ್ನ ನಾವೇ ಹಾಕಬೇಕು.

ನಾನು ಕೊನೆಗೆ ಏನು ಮಾಡಿದೆ ಅಂತ ಕೇಳ್ತೀರಾ? ದೊಡ್ಡಪ್ಪನ ಜೊತೆ ವಿಡಿಯೊ ಕಾಲ್‌ನಲ್ಲಿ ಕೂತೆ. ಮೂಲ ಫೋಟೊ ದೊಡ್ಡದು ಮಾಡಿ ಸಾಲು ಸಾಲಾಗಿ ಓದಿದ್ವಿ. ಒಂದು ಕಡೆ ಇಬ್ಬರಿಗೂ ಅಕ್ಷರ ಹತ್ತಲಿಲ್ಲ. ಊಹಿಸಿ ಟೈಪ್ ಮಾಡೋಕೆ ಹೊರಟೆ.

"ಬ್ಯಾಡೋ ತಮ್ಮಾ," ಅಂದರು ದೊಡ್ಡಪ್ಪ. "ಕಾಣವಲ್ದು ಅಂತನ ಬರಿ."

ಆ ಜಾಗದಲ್ಲಿ ಮೂರು ಚುಕ್ಕೆ ಇಟ್ಟಿದ್ದೀನಿ. ಸಂಗಪ್ಪನ ಸೊನ್ನೆ ಮಾತ್ರ ವಾಪಸ್ ಬಂದಿದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ಟ್ರಂಕ್ ತೆಗೆದು ನೋಡಿ. ನಮಸ್ಕಾರ.